ಕೀಲು, ಕುಳಿ, ಬಂಧ: ದಂತಮೂಲಲೇಪಗಳ ಚರಿತ್ರೆಯ ವಿಚಾರ

ಹುಳುಕಿನಿಂದಲೋ ಪೆಟ್ಟಿನಿಂದಲೋ ಹಲ್ಲಿನ ಮೇಲ್ಭಾಗವೆಲ್ಲ ಹೋಗಿ ಬೇರು ಮಾತ್ರ ದವಡೆಯಲ್ಲಿ ಉಳಿದಾಗ, ಆ ಬೇರನ್ನು ಕೀಳದೆ ಅದರ ಒಳನಾಳವನ್ನು ಶೋಧಿಸಿ, ನಾಳದ ತುದಿಯನ್ನು ಮುಚ್ಚಿ, ಮಿಕ್ಕ ಕುಳಿಯಲ್ಲಿ ಒಂದು ಕೀಲನ್ನು ನಿಲ್ಲಿಸಿ, ಆ ಕೀಲಿನ ತಲೆಯ ಮೇಲೆ ಹೊಸ ಹಲ್ಲನ್ನು ಕಟ್ಟುವ ಕ್ರಮವು ಇಂದು ದಂತವೈದ್ಯರಲ್ಲಿ ಸಾಮಾನ್ಯವಾಗಿದೆ. ಕೀಲಿಗೂ ಬೇರಿಗೂ ನಡುವೆ ಬಲು ತೆಳುವಾದ ಒಂದು ಲೇಪವಿರುತ್ತದೆ. ಅದನ್ನು ಸಿಮೆಂಟು ಎಂದು ಕರೆಯುವರು. ಈ ಲೇಪವು ಕೀಲನ್ನು ಹಿಡಿದಿರುವುದು ಹೇಗೆ? ಎರಡು ಮೈಗಳನ್ನು ಅಂಟಿನಂತೆ ಒಂದುಮಾಡಿಯೆ, ಅಥವಾ ನಡುವಣ ಸಂದನ್ನು ತುಂಬಿ ಕೀಲು ಅಲುಗದಂತೆ ಮಾಡಿಯೆ? ಪ್ರಶ್ನೆಯು ಅಲ್ಪವೆಂದು ತೋರಬಹುದು; ಆದರೆ ಸುಮಾರು ಮುನ್ನೂರು ವರ್ಷಗಳ ದಂತಶಿಲ್ಪದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗಿದೆ; ಇದಕ್ಕೆ ತಪ್ಪು ಉತ್ತರವನ್ನು ನಂಬಿದ ಕಾಲಗಳಲ್ಲಿ ಉಳಿಯಬಹುದಾಗಿದ್ದ ಬೇರುಗಳು ಸೀಳಿಹೋದುದೂ ಉಂಟು.

ಇದರೊಡನೆ ಇನ್ನೊಂದು ಪ್ರಶ್ನೆಯೂ ಹೆಣೆದುಕೊಂಡಿದೆ. ಪ್ರಾಚೀನ ಭಾರತೀಯರು ಮುರಿದ ಹಲ್ಲಿನಲ್ಲಿ ಕೀಲಿಟ್ಟು ವಜ್ರಲೇಪದಿಂದ ಭದ್ರಪಡಿಸುವ ವಿದ್ಯೆಯನ್ನು ಬಲ್ಲವರಾಗಿದ್ದರೆಂಬ ಮಾತು ಜನಪ್ರಿಯವಾದ ಬರಹಗಳಲ್ಲಿ ಆಗಾಗ ಕಾಣಬರುವುದು. ಬಂಧವೆಂಬ ಒಂದೇ ಶಬ್ದದಲ್ಲಿ ಎರಡು ಬೇರೆಬೇರೆ ಕ್ರಿಯೆಗಳು ಅಡಗಿರುವುದರಿಂದಲೇ ಈ ಮಾತಿಗೆ ಅವಕಾಶವಾಗಿದೆ. ಆದುದರಿಂದ ಎರಡನ್ನೂ ಒಟ್ಟಿಗೆ ವಿಚಾರಿಸುವುದು ಯುಕ್ತ.

ಕುಳಿಯಲ್ಲಿ ಗೂಟವನ್ನು ನಿಲ್ಲಿಸುವ ಕಲೆಯನ್ನು ನಮ್ಮ ದೇಶದಲ್ಲಿ ಪೂರ್ವಿಕರು ಹಲ್ಲಿನಲ್ಲಿ ಅಲ್ಲವಾದರೂ ಕಲ್ಲಿನಲ್ಲಿ ಚೆನ್ನಾಗಿ ಬಲ್ಲವರಾಗಿದ್ದರು. ಅದನ್ನು ಕಣ್ಣಾರೆ ಕಾಣುವುದಕ್ಕೆ ಕೋಗಳಿನಾಡು ಒಳ್ಳೆಯ ಸ್ಥಳ. ಶಾಸನಗಳಲ್ಲಿ ಕೋಗಳಿ ಅಯ್ನೂರು ಎಂದು ಹೆಸರುಗೊಂಡ ಈ ಪ್ರಾಂತವು ನೊಳಂಬವಾಡಿಯ ಒಳನಾಡುಗಳಲ್ಲಿ ಒಂದು. ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ನೆಲವು ಸ್ಥೂಲವಾಗಿ ಅದೇ. ೧೯೫೩ರವರೆಗೆ ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆಮೇಲೆ ಮೈಸೂರಿನದಾಗಿ, ೨೦೨೧ರಿಂದ ವಿಜಯನಗರ ಜಿಲ್ಲೆಯೆನಿಸಿರುವ ಈ ಭಾಗದ ಚಾಲುಕ್ಯ ದೇವಾಲಯಗಳನ್ನು ಅಲೆಗ್ಸಾಂಡರ್ ರೀ ಎಂಬಾತನು ೧೮೯೬ರಲ್ಲಿ ಚಿತ್ರಸಹಿತವಾಗಿ ಪ್ರಕಟಿಸಿದ ಗ್ರಂಥದಿಂದ ವಿದ್ವಾಂಸರು ಬಲ್ಲರು. ಹರಪನಹಳ್ಳಿಯ ಬಳಿಯ ಬಾಗಳಿಯು ಶಾಸನಗಳಲ್ಲಿ ಬಾಳ್ಗುಳಿ. ಅಲ್ಲಿಯ ಕಲ್ಲೇಶ್ವರ ದೇವಾಲಯದಲ್ಲಿ ಎರಡನೆಯ ತೈಲಪನ ಕಾಲದ ಕ್ರಿ. ಶ. ೯೮೭ರ ಶಾಸನವಿದೆ; ಅದರ ತೆರೆದ ಮಹಾಮಂಟಪದಲ್ಲಿ ಐವತ್ತು ಕಂಬಗಳಿವೆ. ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ, ಹಡಗಲಿಯ ಕಲ್ಲೇಶ್ವರ, ನೀಲಗುಂದ, ಮಾಗಳ, ಅಂಬಳಿಗಳ ಗುಡಿಗಳು ಇದೇ ಕುಲಕ್ಕೆ ಸೇರಿದವು.

ಈ ಕುಲದ ಕಟ್ಟಡಗಳಲ್ಲಿ ಗಾರೆಯ ಮಾತಿಲ್ಲ. ಕಲ್ಲು ಕಲ್ಲಿನ ಮೇಲೆ ಒಣದಾಗಿ ಕುಳಿತಿರುತ್ತದೆ. ದಕ್ಷಿಣದ ಶಿಲ್ಪಿಗಳು ಸಾಮಾನ್ಯವಾಗಿ ಒಂದು ಕಲ್ಲಿನಲ್ಲಿ ಗೂಟವನ್ನು ಬಿಟ್ಟು, ಇನ್ನೊಂದರಲ್ಲಿ ಅದಕ್ಕೆ ತಕ್ಕ ಕುಳಿಯನ್ನು ತೋಡಿ, ಎರಡನ್ನೂ ಹೊಂದಿಸುತ್ತಿದ್ದರು. ಕಂಬವನ್ನು ನಿಲ್ಲಿಸುವುದು ಮೇಲಣ ಭಾರ. ಅದು ಪಕ್ಕಕ್ಕೆ ಜರುಗದಂತೆ ತಡೆಯುವುದು ಗೂಟ. ಭಾರವು ನೆಟ್ಟಗೆ ಇಳಿಯುವವರೆಗೂ ಅಂಟಿನ ಅವಶ್ಯಕತೆ ಬೀಳುವುದಿಲ್ಲ.

ಆದರೆ ಗರ್ಭಗೃಹದೊಳಗೆ ಸಂದರ್ಭವೇ ಬೇರೆ. ಲಿಂಗದ ಮೇಲೆ ಯಾವ ಭಾರವೂ ಇಲ್ಲ. ನಿತ್ಯವೂ ನೀರು, ಹಾಲು, ತುಪ್ಪಗಳ ಅಭಿಷೇಕ ಮಾತ್ರ ಇರುವುದು. ಮನುಷ್ಯನಿರ್ಮಿತವಾದ ಲಿಂಗಕ್ಕೆ ಆಗಮಗಳು ಮೂರು ಭಾಗಗಳನ್ನು ವಿಧಿಸಿವೆ: ಕೆಳಗಿನ ಬ್ರಹ್ಮಭಾಗವು ಚೌಕ, ನಡುವಣ ವಿಷ್ಣುಭಾಗವು ಎಂಟು ಮೂಲೆಯದು, ಕಣ್ಣಿಗೆ ಕಾಣುವ ರುದ್ರಭಾಗವು ದುಂಡು. ಈ ವಿಧಿಯ ತಾತ್ತ್ವಿಕ ಅರ್ಥವು ಎಲ್ಲರಿಗೂ ತಿಳಿದಿದೆ; ಅದರ ಶಿಲ್ಪಾರ್ಥದ ಕಡೆಗೆ ಗಮನವು ಅಷ್ಟಾಗಿ ಹೋಗಿಲ್ಲ. ದುಂಡಾದ ಗೂಟವನ್ನು ದುಂಡಾದ ಕುಳಿಯಲ್ಲಿ ಎಷ್ಟೇ ಬಿಗಿಯಾಗಿ ಇಟ್ಟರೂ ಅದು ತಿರುಗಬಲ್ಲುದು, ಚೌಕವಾದುದು ತಿರುಗಲಾರದು. ಕಾಣುವ ಭಾಗವು ಹೇಗೇ ಇರಲಿ, ಹೂತ ಭಾಗದ ಆಕಾರವೇ ಅದನ್ನು ನಿಲ್ಲಿಸುತ್ತದೆಂಬ ಅನುಭವವು ಈ ವಿಧಿಯಲ್ಲಿ ಅಡಕವಾಗಿದೆ. ಬೇರಿನ ಕೀಲು ತಿರುಗದಿರಲೆಂದು ಇಂದಿನ ದಂತವೈದ್ಯರು ನಾಳದ ಬಾಯನ್ನು ದುಂಡಗೆ ಕೊರೆಯದೆ ಅದರ ಸಹಜವಾದ ಉದ್ದುಂಡು ಆಕಾರವನ್ನೇ ಉಳಿಸಿಕೊಳ್ಳುವುದು ಇದೇ ನ್ಯಾಯದಿಂದ.

ಲಿಂಗಕ್ಕೂ ಪೀಠಕ್ಕೂ ನಡುವಣ ಸಂದಿನಲ್ಲಿ ತುಂಬುವುದು ಅಷ್ಟಬಂಧ. ಅರಗು, ರಾಳ, ಜೇನುಮೇಣ, ಕಾವಿಕಲ್ಲು, ಶಂಖದ ಪುಡಿ, ಹತ್ತಿ, ಬೆಣ್ಣೆ ಮೊದಲಾದವುಗಳನ್ನು ಸೇರಿಸಿ ಬಹಳ ಹೊತ್ತು ಕುಟ್ಟಿ, ಬಿಸಿಯಾಗಿರುವಾಗಲೇ ಮೆತ್ತುವರು. ದ್ರವ್ಯಗಳ ಪಟ್ಟಿಯು ಸಂಪ್ರದಾಯದಿಂದ ಸಂಪ್ರದಾಯಕ್ಕೆ ಸ್ವಲ್ಪ ಬೇರೆಯಾಗುವುದುಂಟು. ಇದು ಆರಿದ ಮೇಲೆ ಗಟ್ಟಿಯಾಗಿ, ಪೀಠದೊಳಕ್ಕೆ ನೀರು ಇಳಿಯದಂತೆ ತಡೆದು, ಲಿಂಗವನ್ನು ಅಲುಗದಂತೆ ಮಾಡುತ್ತದೆ. ವರಾಹಮಿಹಿರನು ಆರನೆಯ ಶತಮಾನದಲ್ಲಿ ಬೃಹತ್ಸಂಹಿತೆಯ ವಜ್ರಲೇಪಾಧ್ಯಾಯದಲ್ಲಿ ಇದೇ ಜಾತಿಯ ಪಾಕಗಳನ್ನು ವಿವರಿಸಿದ್ದಾನೆ. ತೂಬರೆಯ ಎಳೆಯ ಕಾಯಿ, ಬೇಲದ ಕಾಯಿ, ಬೂರುಗದ ಹೂ ಮುಂತಾದವನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸಿ, ಗುಗ್ಗುಳ, ರಾಳ, ಗೇರು, ಅಗಸೆ, ಬಿಲ್ವಗಳನ್ನು ಕೂಡಿಸಿ, ದೇವಾಲಯ, ಪ್ರತಿಮೆ, ಲಿಂಗ, ಗೋಡೆ, ಬಾವಿಗಳಿಗೆ ಕಾಯ್ದಂತೆಯೇ ಬಳಿಯಬೇಕೆಂದು ಅವನ ಮತ. ಕೊನೆಯಲ್ಲಿ ಮಯನ ಹೆಸರಿನಿಂದ ಒಂದು ಲೋಹಪಾಕವನ್ನೂ ಹೇಳಿದ್ದಾನೆ: ಸೀಸ ಎಂಟು ಪಾಲು, ಕಂಚು ಎರಡು ಪಾಲು, ರೀತಿಕೆ ಒಂದು ಪಾಲು. ಇದಕ್ಕೆ ವಜ್ರಸಂಘಾತವೆಂದು ಹೆಸರು. ಕರಗಿದ ಸೀಸವು ಸಂದಿನಲ್ಲಿ ಹರಿದು ಆರಿ ಗಟ್ಟಿಯಾಗುತ್ತದೆಯೇ ಹೊರತು ಕಲ್ಲಿಗೆ ಅಂಟುವುದಿಲ್ಲವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ವಜ್ರಲೇಪಕ್ಕೆ ವರಾಹಮಿಹಿರನು ಕೋಟಿವರ್ಷಗಳ ಆಯುಸ್ಸನ್ನು ಹೇಳಿದರೂ, ರೂಢಿಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅಷ್ಟಬಂಧವನ್ನು ತೆಗೆದು ಹೊಸದಾಗಿ ಮೆತ್ತುವ ಪದ್ಧತಿ ನಡೆದುಬಂದಿದೆ. ಗ್ರಂಥದ ಅತ್ಯುಕ್ತಿಗಿಂತ ಅರ್ಚಕರ ಲೆಕ್ಕವೇ ಇಲ್ಲಿ ಹೆಚ್ಚು ಶಾಸ್ತ್ರೀಯ. ಲೇಪವು ಹಳತಾಗಿ ಬಿರುಕುಬಿಟ್ಟು ಸಡಿಲವಾಗುವುದೆಂದೂ, ಆಗ ಲೇಪವನ್ನು ಬದಲಿಸಬೇಕೇ ಹೊರತು ಲಿಂಗವನ್ನಾಗಲಿ ಪೀಠವನ್ನಾಗಲಿ ಅಲ್ಲವೆಂದೂ ಅವರು ಮೊದಲೇ ಒಪ್ಪಿಕೊಂಡಿದ್ದಾರೆ.

ಇಷ್ಟೆಲ್ಲ ಬಲ್ಲ ಜನರು ಹಲ್ಲಿಗೂ ಇದನ್ನು ಪ್ರಯೋಗಿಸಿದರೆ? ಪ್ರಯೋಗಿಸಿದರೆಂಬವರು ಸಾಮಾನ್ಯವಾಗಿ ಮೊದಲು ತರುವ ಸಾಕ್ಷಿಯು ಪೂಷನದು. ದಕ್ಷಯಜ್ಞವು ಧ್ವಂಸವಾದಾಗ ಹಲ್ಲುಗಳನ್ನು ಕಳೆದುಕೊಂಡ ಈ ದೇವತೆಯ ಕಥೆಯು ವೀರಭದ್ರನ ಆರಾಧನೆಯುಳ್ಳ ಸೀಮೆಗಳಲ್ಲಿ ಹಳ್ಳಿಹಳ್ಳಿಗೂ ಗೊತ್ತು. ಅಶ್ವಿನಿದೇವತೆಗಳು ಪೂಷನ ಮುರಿದ ಹಲ್ಲುಗಳಿಗೆ ಚಿಕಿತ್ಸೆ ಮಾಡಿದರೆಂದು ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹೇಳಿದೆ. ಆದರೆ ಆ ಚಿಕಿತ್ಸೆಯ ಕ್ರಮವೇನೆಂದು ಅಲ್ಲಿ ಹೇಳಿಲ್ಲ. ಅದೇ ಪ್ರಕರಣದಲ್ಲಿ ಭಗನ ಕಣ್ಣು, ಇಂದ್ರನ ತೋಳುಗಳ ಮಾತೂ ಬರುವುದರಿಂದ ಅದು ವೈದ್ಯರ ಮಹಿಮೆಯ ಪ್ರಶಂಸೆಯೆಂಬುದು ಸ್ಪಷ್ಟ. ಇತ್ತ ಬ್ರಾಹ್ಮಣಗ್ರಂಥಗಳಲ್ಲಿ ಪೂಷನು ಹಲ್ಲಿಲ್ಲದವನಾದುದರಿಂದ ಅವನ ಪಾಲಿನ ಹವಿಸ್ಸನ್ನು ಹಿಟ್ಟುಮಾಡಿ ಕೊಡಬೇಕೆಂಬ ವಿಧಿ ಇದೆ. ಅಶ್ವಿನಿಗಳು ನಿಲ್ಲಿಸಿದ ಹಲ್ಲುಗಳು ಅಗಿಯುವುದಕ್ಕೆ ಬರುವಂಥವಾಗಿದ್ದರೆ ಹಿಟ್ಟಿನ ಅವಶ್ಯಕತೆ ಇರಲಿಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಉತ್ತರ ಕೊಡುವುದು ಕಷ್ಟ.

ವೈದ್ಯಗ್ರಂಥಗಳ ಸಾಕ್ಷ್ಯವು ಇದಕ್ಕಿಂತ ದೃಢವಾದುದು, ಹಾಗೆಯೇ ಹೆಚ್ಚು ಮಿತವಾದುದು. ಸುಶ್ರುತನು ದಂತಮೂಲದ ರೋಗಗಳನ್ನು ಹದಿನೈದೆಂದೂ ದಂತದ ರೋಗಗಳನ್ನು ಎಂಟೆಂದೂ ಎಣಿಸಿದ್ದಾನೆ. ಅಲುಗುವ ಹುಳುಕುಹಲ್ಲನ್ನು ಕಿತ್ತು ಆ ಸ್ಥಾನವನ್ನು ಸುಡಬೇಕೆಂದು ಹೇಳುವಲ್ಲಿಯೂ, ಮೇಲ್ದವಡೆಯ ಹಲ್ಲನ್ನು ಕೀಳಬಾರದೆಂದು ಎಚ್ಚರಿಸುವಲ್ಲಿಯೂ ಕೈಯಾರೆ ಕೆಲಸ ಮಾಡಿದವನ ಅನುಭವವು ಕಾಣುತ್ತದೆ. ಪ್ರಕೃತಕ್ಕೆ ಮುಖ್ಯವಾದುದು ವಾಗ್ಭಟನ ಮಾತು. ಅಲುಗದ ಹಲ್ಲಿನಲ್ಲಿ ಹುಳುಕಿನ ತೂತಿದ್ದರೆ ಅದನ್ನು ಬೆಲ್ಲದಿಂದಾಗಲಿ ಜೇನುಮೇಣದಿಂದಾಗಲಿ ತುಂಬಿ ಸುಡಬೇಕೆಂದು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ವಿಧಿಸಿದ್ದಾನೆ. ಇದು ಬೇರಿನ ಚಿಕಿತ್ಸೆಗೆ ಬಹಳ ಸಮೀಪವಾಗಿ ಬಂದು ನಿಂತ ಉಪಾಯ. ಕಾಯ್ದ ಮೇಣವು ತೂತಿನ ಮೂಲೆಮೂಲೆಗೂ ಹರಿದು, ನೋಯುವ ಒಳಮಜ್ಜೆಯನ್ನು ಸುಡುವುದು. ಆದರೂ ಇಲ್ಲಿ ತುಂಬುವುದಿದೆ, ಸುಡುವುದಿದೆ. ಕೀಲಿಲ್ಲ, ಕೀಲನ್ನು ಹಿಡಿಯುವ ಲೇಪವೂ ಇಲ್ಲ.

ಕರ್ನಾಟಕದ ಜೈನವೈದ್ಯ ಪರಂಪರೆಯು ಕೀಲಿನ ಮಾತಿಗೆ ಹೆಚ್ಚಿನದೇನನ್ನೂ ಸೇರಿಸುವುದಿಲ್ಲ. ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವು ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಬಂದಿತು. ಜಗದ್ದಳ ಸೋಮನಾಥನ ಕನ್ನಡ ಕಲ್ಯಾಣಕಾರಕವು ಪ್ರಸಿದ್ಧವಾಗಿದೆ. ಮದ್ಯ ಮಾಂಸಗಳೊಡನೆ ಜೇನನ್ನೂ ವರ್ಜಿಸುವುದು ಈ ಪರಂಪರೆಯ ಲಕ್ಷಣ. ಕೋಗಳಿಯೂ ಒಂದು ಪ್ರಮುಖ ಜೈನಕೇಂದ್ರವಾಗಿದ್ದಿತು. ಅಲ್ಲಿಯ ಬಸದಿಯನ್ನು ದುರ್ವಿನೀತನು ಕಟ್ಟಿಸಿದನೆಂದು ೧೦೫೫ರ ಶಾಸನವು ಹೇಳುತ್ತದೆ. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅದಂತಧಾವನ, ಎಂದರೆ ಹಲ್ಲುಜ್ಜದಿರುವಿಕೆಯೂ ಒಂದು. ದೇಹದ ಅಲಂಕಾರವನ್ನು ತ್ಯಜಿಸಿದ ಈ ಮುನಿಗಳಿಗೆ ಹಲ್ಲು ಬೀಳುವುದು ಚಿಂತೆಯ ವಿಷಯವಾಗಿರಲಾರದು. ಬಿದ್ದ ಹಲ್ಲನ್ನು ಮತ್ತೆ ನಿಲ್ಲಿಸುವ ಪ್ರಯತ್ನಕ್ಕೆ ಪ್ರೇರಣೆಯು ಬರಬೇಕಾದುದು ಮುಖಸೌಂದರ್ಯದ ಕಡೆಯಿಂದ. ಯೂರೋಪಿನಲ್ಲಿ ಹಾಗೆಯೇ ಬಂದಿತು.

ಪ್ಯಾರಿಸಿನ ಪಿಯೆರ್ ಫೋಷಾರ್ ಎಂಬ ದಂತವೈದ್ಯನು ೧೭೨೮ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಬೇರಿನ ನಾಳದಲ್ಲಿ ಚಿನ್ನ ಅಥವಾ ಬೆಳ್ಳಿಯ ಕೀಲನ್ನಿಟ್ಟು ಕೃತಕ ಹಲ್ಲನ್ನು ನಿಲ್ಲಿಸುವ ಕ್ರಮವು ಅದರಲ್ಲಿ ವಿವರವಾಗಿ ಬಂದಿದೆ. ಕೀಲನ್ನು ಹಿಡಿಯಲು ಆತನು ಬಳಸಿದ್ದು ಕಾಯಿಸಿ ಮೆದುಮಾಡಿದ ಒಂದು ಮೇಣ; ಅರಗು, ಮರದ ರಾಳ, ನುಣ್ಣಗೆ ಅರೆದ ಬಿಳಿಯ ಹವಳ ಅದರ ದ್ರವ್ಯಗಳು. ಅರಗು, ರಾಳ, ಶಂಖದ ಪುಡಿ ಎಂಬ ಅಷ್ಟಬಂಧದ ಪಟ್ಟಿಯನ್ನು ಬಲ್ಲವರಿಗೆ ಈ ಸಾಮ್ಯವು ಆಶ್ಚರ್ಯವನ್ನುಂಟುಮಾಡದೆ ಇರದು. ಇದರಿಂದ ಫೋಷಾರನು ಭಾರತದಿಂದ ಕಲಿತನೆಂದು ಸಾಧಿಸಹೊರಡುವುದು ಅವಿವೇಕ. ಕಾಯಿಸಿದರೆ ಮೆತ್ತಗಾಗಿ ಆರಿದರೆ ಗಟ್ಟಿಯಾಗುವ ರಾಳ, ಅದಕ್ಕೆ ಮೈಕೊಡುವ ಸುಣ್ಣದ ಜಾತಿಯ ಪುಡಿ: ಬೇಕಾದ ಗುಣವು ಒಂದೇ ಆದಾಗ ದೊರೆಯುವ ದ್ರವ್ಯಗಳೂ ಒಂದೇ ಆಗುತ್ತವೆ. ಆ ಕಾಲದ ಕೃತಕ ಹಲ್ಲುಗಳನ್ನು ಆನೆಯ ಮತ್ತು ನೀರಾನೆಯ ದಂತದಿಂದ ಕಡೆಯುತ್ತಿದ್ದರು. ಬಾಯಿಯ ತೇವದಲ್ಲಿ ಅವು ಬೇಗ ಕೊಳೆತು ನಾರುತ್ತಿದ್ದುವು. ತೈಲಪನು ಚೋಳನಿಂದ ನೂರೈವತ್ತು ಆನೆಗಳನ್ನು ಹಿಡಿದನೆಂದು ಕೋಗಳಿಯ ೯೯೨ರ ಶಾಸನವು ಹೊಗಳುತ್ತದೆ. ಅವುಗಳ ಕೊಂಬುಗಳಿಗೆ ಈ ಅವಸ್ಥೆಯಂತೂ ಬಂದಿರಲಾರದು.

ಫೋಷಾರನ ಮೇಣವು ಬಾಯಿಯ ಬಿಸುಪಿನಲ್ಲಿ ಬಹುಕಾಲ ನಿಲ್ಲುವಂಥದಲ್ಲ. ಮುಂದಿನ ಒಂದು ಶತಮಾನದಲ್ಲಿ ದಂತವೈದ್ಯರು ಲೇಪವನ್ನೇ ಬಿಟ್ಟು ಮರದ ಕೀಲನ್ನು ಹಿಡಿದರು. ಚೆನ್ನಾಗಿ ಒಣಗಿಸಿ ಅದುಮಿದ ಗಟ್ಟಿಮರದ ಕಡ್ಡಿಯನ್ನು ನಾಳದಲ್ಲಿಟ್ಟರೆ ಅದು ಬಾಯಿಯ ತೇವವನ್ನು ಹೀರಿ ಉಬ್ಬಿ ತಾನಾಗಿಯೇ ಬಿಗಿಯುತ್ತಿತ್ತು. ಉಪಾಯವು ಸೊಗಸಾಗಿ ಕಂಡಿತು. ಆದರೆ ಬಂಡೆಯಲ್ಲಿ ಸಾಲಾಗಿ ಕುಳಿ ತೋಡಿ, ಒಣಮರದ ಬೆಣೆಗಳನ್ನು ಹೊಡೆದು, ನೀರೂಡಿ, ಬಂಡೆಯನ್ನೇ ಸೀಳುವ ಹಳೆಯ ಯುಕ್ತಿಯೂ ಇದೇ ಬಲವನ್ನು ನಂಬಿದುದು. ಬೇರು ಬಂಡೆಗಿಂತ ಗಟ್ಟಿಯೇನಲ್ಲ. ಎಷ್ಟೋ ಬೇರುಗಳು ಉದ್ದಕ್ಕೂ ಸೀಳಿದುವು. ಕೀಲನ್ನು ಹಿಡಿಯಬೇಕೆಂಬ ಹಟದಲ್ಲಿ ಕೀಲಿಗೆ ಆಧಾರವಾದುದನ್ನೇ ಕಳೆದುಕೊಳ್ಳುವ ಈ ದೋಷವು ಚರಿತ್ರೆಯಲ್ಲಿ ಮುಂದೆಯೂ ವೇಷ ಬದಲಿಸಿ ಬರುವುದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಸಾಯನಶಾಸ್ತ್ರವು ಪ್ರವೇಶಿಸಿತು. ೧೮೫೫ರಲ್ಲಿ ಸೊರೆಲ್ ಎಂಬ ಫ್ರೆಂಚ್ ವಿಜ್ಞಾನಿಯು ಸತುವಿನ ಭಸ್ಮವನ್ನು ಸತುವಿನ ಕ್ಲೋರೈಡಿನ ದ್ರಾವಣದೊಡನೆ ಕಲಸಿ ಗಟ್ಟಿಯಾಗುವ ಗಾರೆಯನ್ನು ಕಂಡುಹಿಡಿದನು. ೧೮೭೯ರ ಸುಮಾರಿಗೆ ಕ್ಲೋರೈಡಿನ ಬದಲು ಫಾಸ್ಫಾರಿಕ್ ಆಮ್ಲವನ್ನು ಉಪಯೋಗಿಸಿದ ಜಿಂಕ್ ಫಾಸ್ಫೇಟ್ ಸಿಮೆಂಟು ದಂತವೈದ್ಯರ ಕೈಗೆ ಬಂದಿತು. ಅದರ ರಸಾಯನಕ್ರಿಯೆಯನ್ನು ಫ್ಲೆಕ್ ಎಂಬಾತನು ೧೯೦೨ರಲ್ಲಿ ವಿವರಿಸಿದ ಮೇಲೆ ಅದು ಸ್ಥಿರವಾದ ರೂಪವನ್ನು ಪಡೆಯಿತು. ಪುಡಿಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಸತುವಿನ ಆಕ್ಸೈಡ್, ಉಳಿದುದು ಬಹುಮಟ್ಟಿಗೆ ಮೆಗ್ನೀಸಿಯಮ್ ಆಕ್ಸೈಡ್. ಆಮ್ಲವೂ ಪ್ರತ್ಯಾಮ್ಲವೂ ಸೇರಿ ಲವಣವಾಗುವಾಗ ಶಾಖವು ಹುಟ್ಟುವುದು. ಶಾಖ ಹೆಚ್ಚಿದರೆ ಗಾರೆಯು ಕೈಯಲ್ಲೇ ಕಟ್ಟಿಬಿಡುವುದು. ಆದುದರಿಂದ ತಣ್ಣಗಿರುವ ದಪ್ಪ ಗಾಜಿನ ಫಲಕದ ಮೇಲೆ ಪುಡಿಯನ್ನು ಚಿಟಿಕೆಚಿಟಿಕೆಯಾಗಿ ಸೇರಿಸುತ್ತ ಅಗಲವಾಗಿ ಕಲಸಬೇಕು. ಹದವಾಗಿ ಕಲಸಿದ ಗಾರೆಯು ೨೫ ಮೈಕ್ರಾನಿಗಿಂತ, ಅಂದರೆ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಪಾಲಿಗಿಂತ ತೆಳುವಾದ ಪದರವಾಗಬಲ್ಲುದು. ಇದು ಕಟ್ಟುವುದು ಒಣಗುವುದರಿಂದಲ್ಲ, ರಸಾಯನಕ್ರಿಯೆಯಿಂದ. ೧೯೪೫ರಿಂದ ಹೊಸಪೇಟೆಯ ಬಳಿ ಕಟ್ಟಿದ ತುಂಗಭದ್ರಾ ಅಣೆಕಟ್ಟಿನ ಸುರ್ಕಿ ಗಾರೆಯು ನೀರಿನ ಸನ್ನಿಧಿಯಲ್ಲಿಯೂ ಗಟ್ಟಿಯಾದುದು ಇದೇ ಕಾರಣದಿಂದ, ಕ್ರಿಯೆಯು ಬೇರೆಯಾದರೂ.

ಈ ಸಿಮೆಂಟು ಒಂದು ಶತಮಾನದ ಕಾಲ ಆಳಿತು; ಆದರೆ ಅದು ಹಲ್ಲಿಗೂ ಲೋಹಕ್ಕೂ ಅಂಟುವುದೇ ಇಲ್ಲ. ಕೀಲಿನ ಮೈಯ ತರಿಗಳಲ್ಲಿಯೂ ನಾಳದ ಗೋಡೆಯ ಕಚ್ಚುಗಳಲ್ಲಿಯೂ ಹರಿದು, ಗಟ್ಟಿಯಾಗಿ, ಇವೆರಡರ ನಡುವೆ ಸಾವಿರಾರು ಸೂಕ್ಷ್ಮ ಬೆಣೆಗಳಂತೆ ನಿಲ್ಲುತ್ತದೆ. ಕೀಲನ್ನು ಎಳೆದರೆ ಈ ಬೆಣೆಗಳು ಕತ್ತರಿಸಿಹೋಗಬೇಕು, ಹಿಡಿತವೆಂದರೆ ಇಷ್ಟೇ. ಆದಕಾರಣ ಕೀಲು ಉದ್ದವಾದಷ್ಟೂ, ಬದಿಗಳು ಸಮಾನಾಂತರವಾದಷ್ಟೂ, ಮೈಯು ತರಿಯಾದಷ್ಟೂ ಹಿಡಿತವು ಹೆಚ್ಚುತ್ತದೆ. ಮೊನಚಾದ ನುಣ್ಣನೆಯ ಕೀಲು ಸುಲಭವಾಗಿ ಕಳಚುತ್ತದೆ. ವಜ್ರಸಂಘಾತದ ಸೀಸವು ಮಾಡುತ್ತಿದ್ದ ಕೆಲಸಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ.

ಅಂಟುವ ಲೇಪದ ಕಥೆಯು ತೀರ ಈಚಿನದು. ಲೋಹಕ್ಕೆ ಬಣ್ಣ ಹಚ್ಚುವ ಮೊದಲು ಆಮ್ಲದಿಂದ ಮೈಯನ್ನು ಸಂಸ್ಕರಿಸುವ ಕಾರ್ಖಾನೆಗಳ ರೂಢಿಯನ್ನು ಕಂಡು, ಅಮೆರಿಕದ ಬುವೊನೊಕೋರ್ ಎಂಬಾತನು ೧೯೫೫ರಲ್ಲಿ ಹಲ್ಲಿನ ಹೊರಕವಚವಾದ ಎನಾಮಲನ್ನು ಫಾಸ್ಫಾರಿಕ್ ಆಮ್ಲದಿಂದ ಕೊರೆದು ರಾಳವನ್ನು ಹಿಡಿಸಿದನು. ೧೯೬೮ರಲ್ಲಿ ಮ್ಯಾಂಚೆಸ್ಟರಿನ ಡೆನ್ನಿಸ್ ಸ್ಮಿತ್ ರೂಪಿಸಿದ ಪಾಲಿಕಾರ್ಬಾಕ್ಸಿಲೇಟ್ ಸಿಮೆಂಟು ಹಲ್ಲಿನ ಸುಣ್ಣದಂಶದೊಡನೆ ತಾನೇ ರಾಸಾಯನಿಕವಾಗಿ ಕೂಡಬಲ್ಲುದಾಗಿತ್ತು. ವಿಲ್ಸನ್ ಮತ್ತು ಕೆಂಟ್ ೧೯೭೨ರ ಹೊತ್ತಿಗೆ ಪ್ರಕಟಿಸಿದ ಗ್ಲಾಸ್ ಅಯೊನೊಮರ್ ಸಿಮೆಂಟು ಅದೇ ಗುಣವನ್ನು ಪಡೆದು, ಜೊತೆಗೆ ಫ್ಲೂರೈಡನ್ನೂ ಸ್ವಲ್ಪಸ್ವಲ್ಪವಾಗಿ ಬಿಡುವುದು. ೧೯೮೨ರಲ್ಲಿ ಜಪಾನಿನ ನಕಬಯಾಶಿ ಎಂಬವನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಮ್ಲದಿ��ದ ಸುಣ್ಣವನ್ನು ಕಳೆದುಕೊಂಡ ಡೆಂಟಿನ್ನಿನ ನಾರಿನ ಬಲೆಯೊಳಕ್ಕೆ ರಾಳವು ನುಸುಳಿ ಹಲ್ಲೂ ಅಲ್ಲದ ಲೇಪವೂ ಅಲ್ಲದ ಒಂದು ಮಿಶ್ರಪದರವು ಉಂಟಾಗುವುದನ್ನು ತೋರಿಸಿದನು.

ಈ ಭೇದವನ್ನು ಅಲಂಕಾರಶಾಸ್ತ್ರದ ಅಧ್ಯಾಪಕರು ತಮ್ಮ ಪರಿಭಾಷೆಯಲ್ಲಿಯೇ ಗ್ರಹಿಸಬಹುದು. ಸಭಂಗಶ್ಲೇಷವನ್ನು ಆಲಂಕಾರಿಕರು ಜತುಕಾಷ್ಠನ್ಯಾಯದಿಂದಲೂ, ಅಭಂಗಶ್ಲೇಷವನ್ನು ಏಕವೃಂತಗತ ಫಲದ್ವಯನ್ಯಾಯದಿಂದಲೂ ವಿವರಿಸುವರು. ಅರಗೂ ಮರವೂ ಅಂಟಿದ್ದರೂ ಎರಡಾಗಿಯೇ ಉಳಿಯುತ್ತವೆ. ಒಂದೇ ತೊಟ್ಟಿನ ಎರಡು ಹಣ್ಣುಗಳಿಗೆ ಬುಡವೇ ಒಂದು. ಜಿಂಕ್ ಫಾಸ್ಫೇಟು ಜತುಕಾಷ್ಠಕ್ಕೂ ಕೆಳಗಿನದು, ಏಕೆಂದರೆ ಅರಗಾದರೂ ಮರಕ್ಕೆ ಅಂಟುತ್ತದೆ. ನಕಬಯಾಶಿಯ ಮಿಶ್ರಪದರವು ಏಕವೃಂತಕ್ಕೆ ಸಮೀಪ. ಮೊದಲನೆಯ ಜಾತಿಯನ್ನು ಪೂರಣಲೇಪವೆಂದೂ ಎರಡನೆಯದನ್ನು ಸಂಶ್ಲೇಷಲೇಪವೆಂದೂ ಬೇರೆಬೇರೆಯಾಗಿ ಕರೆದರೆ ಕನ್ನಡದಲ್ಲಿ ವಿಷಯವು ಸ್ಪಷ್ಟವಾಗುವುದು. ಸಿಮೆಂಟು ಎಂಬ ಒಂದೇ ಮಾತಿನಿಂದ ಎರಡನ್ನೂ ಹೇಳುವುದು ಇಂಗ್ಲಿಷಿನಿಂದ ಬಂದ ಅನುಕೂಲ. ಅದರ ಗೊಂದಲವೂ ಜೊತೆಗೇ ಬಂದಿದೆ.

ಸಂಶ್ಲೇಷಲೇಪವು ದೊರೆತ ಮೇಲೆ ಕೀಲಿನ ಸಮಸ್ಯೆಯು ತೀರಿತೆಂದು ಅನೇಕರು ಭಾವಿಸಿದರು. ತೀರಲಿಲ್ಲ. ಹಲ್ಲಿನ ಹೊರಮೈಯಲ್ಲಿ ಸಾಧ್ಯವಾದುದು ಬೇರಿನ ಆಳದಲ್ಲಿ ಅಷ್ಟು ಸುಲಭವಲ್ಲ. ರಾಳವು ಗಟ್ಟಿಯಾಗುವಾಗ ಕುಗ್ಗುತ್ತದೆ. ತೆರೆದ ಮೈಯಿದ್ದರೆ ಆ ಕುಗ್ಗುವಿಕೆಗೆ ಬಿಡುವು ಸಿಕ್ಕುವುದು, ಆದರೆ ಸುತ್ತಲೂ ಗೋಡೆಯಿರುವ ಕಿರಿದಾದ ನಾಳದಲ್ಲಿ ರಾಳವು ತಾನು ಹಿಡಿದ ಗೋಡೆಯಿಂದಲೇ ತನ್ನನ್ನು ಕಿತ್ತುಕೊಳ್ಳುವುದು. ಗಟ್ಟಿಮಾಡುವ ನೀಲಿಯ ಬೆಳಕು ತಳದವರೆಗೆ ಇಳಿಯುವುದಿಲ್ಲ. ನಾಳವನ್ನು ತೊಳೆಯಲು ಬಳಸುವ ಹೈಪೋಕ್ಲೋರೈಟೂ, ನಾಳ ತುಂಬುವ ಕೆಲವು ಮುಲಾಮುಗಳಲ್ಲಿರುವ ಲವಂಗದೆಣ್ಣೆಯ ಸಾರವಾದ ಯೂಜಿನಾಲೂ ರಾಳವು ಪೂರ್ತಿ ಕಟ್ಟದಂತೆ ಅಡ್ಡಿಮಾಡುತ್ತವೆ. ಇಟಲಿಯ ಸಿಯೆನಾದ ಗೊರಾಚ್ಚಿ ಮೊದಲಾದವರು ೨೦೦೫ರಲ್ಲಿ ಮಾಡಿದ ಪರೀಕ್ಷೆಯ ಫಲವು ಈ ವಿಷಯದಲ್ಲಿ ಬಹಳ ಬೋಧಪ್ರದವಾಗಿದೆ. ಸಂಶ್ಲೇಷಲೇಪದಿಂದ ನಿಲ್ಲಿಸಿದ ನಾರಿನ ಕೀಲುಗಳನ್ನು ತಳ್ಳಿದಾಗ ಅವು ತೋರಿದ ಪ್ರತಿರೋಧದಲ್ಲಿ ಬಹುಪಾಲು ಅಂಟಿನದಲ್ಲ, ಬರಿಯ ಘರ್ಷಣೆಯದು ಎಂದು ಅವರು ಕಂಡರು. ಹೆಸರಿಗೆ ಸಂಶ್ಲೇಷ, ಕೆಲಸದಲ್ಲಿ ಪೂರಣ. ಎಲ್ಲ ಲೇಪಗಳೂ ಎಲ್ಲ ಬೇರುಗಳಲ್ಲಿಯೂ ಹೀಗೆಯೇ ಎಂದು ಇದರಿಂದ ಸಿದ್ಧವಾಗುವುದಿಲ್ಲವಾದರೂ, ಹಳೆಯ ಪೂರಣಲೇಪವನ್ನು ಅನಾಗರಿಕವೆಂದು ತಳ್ಳಿಹಾಕುವ ಉತ್ಸಾಹಕ್ಕೆ ಇದು ಒಳ್ಳೆಯ ತಡೆ.

ಇನ್ನೊಂದು ನಂಬಿಕೆಯು ಇದಕ್ಕೂ ಮೊದಲೇ ಬಿದ್ದುಹೋಗಿತ್ತು. ಕೀಲು ಬೇರಿಗೆ ಬಲಕೊಡುವುದೆಂದು, ಕಟ್ಟಡಕ್ಕೆ ಉಕ್ಕಿನ ಸಲಾಕೆಯಿದ್ದಂತೆ, ದಂತವೈದ್ಯರು ಬಹುಕಾಲ ತಿಳಿದಿದ್ದರು. ಸೊರೆನ್ಸೆನ್ ಮತ್ತು ಮಾರ್ಟಿನಾಫ್ ಎಂಬವರು ೧೯೮೪ರಲ್ಲಿ ಬೇರಿನ ಚಿಕಿತ್ಸೆಯಾದ ೧೨೭೩ ಹಲ್ಲುಗಳನ್ನು ಪರಿಶೀಲಿಸಿ, ಕೀಲಿನಿಂದ ಹಲ್ಲಿಗೆ ಗಣನೀಯವಾದ ಬಲವೇನೂ ಬರಲಿಲ್ಲವೆಂದು ತೋರಿಸಿದರು. ಕೀಲಿಗಾಗಿ ನಾಳವನ್ನು ಅಗಲಿಸಿದಷ್ಟೂ ಬೇರಿನ ಗೋಡೆಯು ತೆಳುವಾಗುವುದು. ಕೀಲಿನ ಪ್ರಯೋಜನವು ಮೇಲೆ ಕಟ್ಟುವ ಹೊಸ ತಲೆಗೆ ಆಧಾರ ಕೊಡುವುದಷ್ಟೇ. ಉಳಿದ ಹಲ್ಲು ಸಾಕಷ್ಟಿದ್ದರೆ ಕೀಲೇ ಬೇಡ. ಒಸಡಿನ ಮೇಲೆ ಸುತ್ತಲೂ ಒಂದೂವರೆ ಎರಡು ಮಿಲಿಮೀಟರಿನಷ್ಟು ಸಹಜವಾದ ಹಲ್ಲು ಉಳಿದು, ಹೊಸ ತಲೆಯು ಅದನ್ನು ಬಳೆಯಂತೆ ಹಿಡಿದುಕೊಂಡರೆ, ಅದು ಯಾವ ಲೇಪಕ್ಕಿಂತಲೂ ಹೆಚ್ಚಿನ ರಕ್ಷಣೆಯಾಗುವುದೆಂದು ಇಂದು ಒಪ್ಪಿದ್ದಾರೆ. ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುವ ಕಮ್ಮಾರನು ಮಾಡುವ ಕೆಲಸ ಇದೇ.

ಲೋಹದ ಕೀಲು ಡೆಂಟಿನ್ನಿಗಿಂತ ಬಹುಪಾಲು ಬಿಗುಸಾದುದು. ಅಗಿಯುವಾಗ ಹಲ್ಲು ಬಾಗಿದರೂ ಕೀಲು ಬಾಗುವುದಿಲ್ಲ. ಒತ್ತಡವೆಲ್ಲ ಕೀಲಿನ ತುದಿಯ ಬಳಿ ಸೇರುತ್ತದೆ. ಅಲ್ಲಿ ಬೇರು ಸೀಳಿದರೆ, ಒಂದೇ ಬೇರಿನ ಹಲ್ಲಾದ ಪಕ್ಷದಲ್ಲಿ, ಕೀಳುವುದೊಂದೇ ಬಹುಮಟ್ಟಿಗೆ ಉಳಿಯುವ ದಾರಿ. ಮರದ ಕೀಲಿನ ದೋಷವು ಮತ್ತೆ ವೇಷ ಬದಲಿಸಿ ಬಂದುದು ಹೀಗೆ. ೧೯೯೦ರ ಸುಮಾರಿಗೆ ಫ್ರಾನ್ಸಿನ ದ್ಯುರೆ ಮೊದಲಾದವರು ರಾಳದಲ್ಲಿ ಹೆಣೆದ ಇಂಗಾಲದ ನಾರಿನ ಕೀಲನ್ನು ಬಳಕೆಗೆ ತಂದರು. ಆಮೇಲೆ ಗಾಜಿನ ನಾರಿನವು ಬಂದುವು. ಇವು ಡೆಂಟಿನ್ನಿನೊಡನೆ ಸ್ವಲ್ಪ ಬಾಗಬಲ್ಲುವು. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷವೆಂದರೆ ಲೇಪವು ಬಿಟ್ಟು ಕೀಲು ಕಳಚುವುದು. ಇದನ್ನು ತಯಾರಕರು ಲೇಪದ ಸೋಲೆಂದು ಎಣಿಸಿ ಇನ್ನೂ ಬಲವಾದ ಲೇಪಗಳನ್ನು ಹುಡುಕುತ್ತಿದ್ದಾರೆ. ಬೇರಿನ ದೃಷ್ಟಿಯಿಂದ ನೋಡಿದರೆ ತೀರ್ಪು ಬೇರೆಯಾಗುವುದು. ಮೂರರಲ್ಲಿ ಒಂದು ಬಿಡಲೇಬೇಕಾದಾಗ, ಬಿಡಬೇಕಾದುದು ಲೇಪವೆ, ಕೀಲೆ, ಬೇರೆ? ಮೊದಲ ಎರಡಕ್ಕೆ ಪ್ರತಿ ಉಂಟು. ಅಷ್ಟಬಂಧವನ್ನು ಹನ್ನೆರಡು ವರ್ಷಕ್ಕೊಮ್ಮೆ ಬದಲಿಸುವ ಅರ್ಚಕರು ಈ ಪ್ರಶ್ನೆಗೆ ಯಾವ ಉತ್ತರವನ್ನು ಕೊಡುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಪೂರ್ವಿಕರು ದಂತಕೀಲವನ್ನು ಬಲ್ಲರೆಂಬ ಮಾತು ಹೀಗೆ ನಿಲ್ಲುವುದಿಲ್ಲ. ಆದರೆ ಲೇಪವನ್ನು ಕುರಿತ ಅವರ ಅನುಭವವು ದಂತಶಾಸ್ತ್ರವು ಬಹಳ ಕಷ್ಟಪಟ್ಟು ಕಲಿತುದಕ್ಕೆ ತೀರ ಹತ್ತಿರವಾಗಿತ್ತೆಂಬ ಮಾತು ನಿಲ್ಲುವುದು. ಇದರಲ್ಲಿ ಹೆಮ್ಮೆಪಡಬೇಕಾದ ಅಂಶವಿದ್ದರೆ ಅದು ಎರಡನೆಯದರಲ್ಲಿಯೇ ಹೊರತು ಮೊದಲನೆಯದರಲ್ಲಿಲ್ಲ.

ಕರ್ನಾಟಕದಲ್ಲಿ ದಂತವೈದ್ಯದ ಶಿಕ್ಷಣವು ಕಾಲೇಜಿನ ರೂಪಕ್ಕೆ ಬಂದುದು ತಡವಾಗಿ: ಕಲ್ಕತ್ತೆಯಲ್ಲಿ ರಫಿಯುದ್ದೀನ್ ಅಹಮದರು ೧೯೨೦ರಲ್ಲಿ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರೆ, ಬೆಂಗಳೂರಿನ ಸರ್ಕಾರಿ ಕಾಲೇಜು ೧೯೫೮ರದು, ಮಣಿಪಾಲದ್ದು ೧೯೬೫ರದು. ಕೋಗಳಿನಾಡಿಗೆ ಹತ್ತಿರವಾದ ದಾವಣಗೆರೆಯಲ್ಲಿ ಬಾಪೂಜಿ ದಂತವೈದ್ಯ ಕಾಲೇಜು ೧೯೭೯ರಲ್ಲಿ ಆರಂಭವಾಯಿತು; ಹರಪನಹಳ್ಳಿಯು ೧೯೯೭ರಿಂದ ೨೦೧೮ರವರೆಗೆ ಆ ಜಿಲ್ಲೆಗೇ ಸೇರಿದ್ದಿತು. ಅದಕ್ಕೆ ಮೊದಲು ಈ ನಾಡಿನಲ್ಲಿ ನೋಯುವ ಹಲ್ಲಿಗೆ ಲವಂಗದೆಣ್ಣೆ, ತೀರದಿದ್ದರೆ ಇಕ್ಕಳ, ಇವೆರಡೇ ಸಾಮಾನ್ಯರ ಕೈಗೆಟುಕುತ್ತಿದ್ದ ಚಿಕಿತ್ಸೆಗಳಾಗಿದ್ದುವು. ಲವಂಗದೆಣ್ಣೆಯ ಸಾರವು ನೋವನ್ನು ತಣಿಸುವುದು ನಿಜ. ಅದೇ ಸಾರವು ಬೇರಿನಲ್ಲಿ ಉಳಿದರೆ ರಾಳದ ಲೇಪವನ್ನು ಕೆಡಿಸುವುದೂ ನಿಜ. ಆದುದರಿಂದ ಯೂಜಿನಾಲ್ ಬೆರೆತ ಮುಲಾಮಿನಿಂದ ತುಂಬಿದ ನಾಳದಲ್ಲಿ ಕೀಲನ್ನು ನಿಲ್ಲಿಸುವಾಗ ಗೋಡೆಗಳನ್ನು ಚೆನ್ನಾಗಿ ಉಜ್ಜಿ ಶುಚಿಮಾಡಿ, ತುದಿಯ ನಾಲ್ಕೈದು ಮಿಲಿಮೀಟರಿನ ಮುಚ್ಚಳವನ್ನು ಮಾತ್ರ ಕದಲಿಸದೆ ಬಿಟ್ಟು, ಆಮೇಲೆ ಲೇಪಕ್ಕೆ ಕೈಹಾಕುವರು.